ಹೋಗ್ತೀನಿ ಅಂದ ಹೊಳೆ

ಲೋಕಕ್ಕೆ ಇನ್ನೂ ಹಸಿಮೈ ಆರಿರಲಿಲ್ಲ. ಬೆಟ್ಟಗಳು ಆಗ ತಾನೇ ಎದ್ದು ಕೂತಿದ್ದವು. ಹೊಳೆಗಳಿಗೆ ನೇರ ಓಡುವುದೊಂದೇ ಗೊತ್ತಿತ್ತು, ತಿರುಗುವುದು ಗೊತ್ತಿರಲಿಲ್ಲ.

ಆ ಹೊಳೆಗಳಲ್ಲೆಲ್ಲ ಕಿರಿಯವಳು ಜಿನುಗಿ. ಬೆಟ್ಟದ ಸಂದಿಯಲ್ಲಿ ಹುಟ್ಟಿ, ಬಿದ್ದು ಎದ್ದು, ಒಂದು ದಿಬ್ಬದ ಬುಡಕ್ಕೆ ಬಂದಳು. ದಿಬ್ಬದ ಮೇಲೆ ದುಗ್ಗಜ್ಜಿಯ ಗುಡಿಸಲು, ಸುತ್ತ ಅವಳ ಮಕ್ಕಳು ಮರಿ, ದನ ಕರು. ಮಳೆಗಾಲವೆಲ್ಲ ಜಿನುಗಿ ಅಲ್ಲೇ ಆಡಿಕೊಂಡಿದ್ದಳು. ಅಜ್ಜಿಯ ಕೊಡ ತುಂಬುವಳು, ಮಕ್ಕಳನ್ನು ಬೆನ್ನ ಮೇಲೆ ತೇಲಿಸುವಳು. ಅಜ್ಜಿಗೂ ಅಷ್ಟೇ, ಜಿನುಗಿ ಅಂದರೆ ಪ್ರಾಣ.

ಒಂದು ದಿನ ಗಾಳಿ ಬಂತು. "ಏನೇ, ಇನ್ನೂ ಇಲ್ಲೇ ಇದ್ದೀಯಾ? ನಿನ್ನ ಅಕ್ಕಂದಿರೆಲ್ಲ ಸಮುದ್ರ ಸೇರಿದರು. ಬೇಸಿಗೆ ಬರ್ತಾ ಇದೆ. ಹಿಂದೆ ಉಳಿದವರನ್ನ ಬಿಸಿಲು ಕುಡಿದುಬಿಡುತ್ತೆ, ತಿಳಕೋ."

ಆ ಮಾತು ಕೇಳಿ ಜಿನುಗಿ ದಡಬಡ ಹೊರಟಳು. ಒಂದೇ ಓಟ. ಓಡುತ್ತಲೇ ಕೂಗಿದಳು, "ಅಜ್ಜೀ, ನಾನು ಹೋಗ್ತೀನಿ."

ಅಯ್ಯೋ, ಹಾಗನ್ನಬಹುದೇ? ಅಜ್ಜಿಯ ಕೈಲಿದ್ದ ಕೊಡ ಜಾರಿಬಿತ್ತು. "ಬಿಡ್ತು ಅನ್ನೇ ಹುಡುಗಿ, ಬಿಡ್ತು ಅನ್ನು," ಎಂದು ದಡದುದ್ದಕ್ಕೂ ಕೂಗಿದಳು. ಓಡುವವಳಿಗೆ ಕಿವಿ ಎಲ್ಲಿ? ಜಿನುಗಿ ಆಗಲೇ ದೂರ ಹೋಗಿದ್ದಳು.

ಮುಂದೆ ದಾರಿಗಡ್ಡ ಹೆಬ್ಬಂಡೆ ಕೂತಿದ್ದ. ಆಕಾಶಕ್ಕೆ ತಲೆ, ಆ ಬೆಟ್ಟಕ್ಕೊಂದು ಭುಜ, ಈ ಬೆಟ್ಟಕ್ಕೊಂದು ಭುಜ.

"ಸ್ವಲ್ಪ ದಾರಿ ಬಿಡಪ್ಪ," ಅಂದಳು ಜಿನುಗಿ.

"ಕೂತವನನ್ನ ಏಳು ಅಂತೀಯಾ? ನಾನು ಏಳೋನಲ್ಲ."

ಜಿನುಗಿ ಹಣೆ ಹಣೆ ಚಚ್ಚಿಕೊಂಡಳು. ಹೆಬ್ಬಂಡೆ ಮಿಸುಕಲಿಲ್ಲ. ಬೇಡಿದಳು, ಅತ್ತಳು, ಕೊನೆಗೆ ಅವನ ಕಾಲಬುಡದಲ್ಲೇ ನಿಂತುಬಿಟ್ಟಳು. ನಿಂತ ನೀರಿನ ಗತಿ ನಿಮಗೆ ಗೊತ್ತಲ್ಲ. ಮೈಮೇಲೆ ಪಾಚಿ ಕಟ್ಟಿತು, ಸೊಳ್ಳೆ ಮೊಟ್ಟೆಯಿಟ್ಟಿತು. ಬಿಸಿಲು ದಿನವೂ ಬಂದು ಒಂದೊಂದು ಗುಟುಕು ಕುಡಿದು ಹೋಗುತ್ತಿತ್ತು. ತಾನು ಸಮುದ್ರ ನೋಡದೆ ಇಲ್ಲೇ ಬತ್ತಿಹೋಗುತ್ತೇನೆ ಅನ್ನಿಸಿತು ಅವಳಿಗೆ. ತುಂಬ ಹೆದರಿಕೆಯಾಯಿತು.

ಆಗ ಗಾಳಿ ಮತ್ತೆ ಬಂತು. "ಅಲ್ಲಿ ದುಗ್ಗಜ್ಜಿ ಊಟ ಬಿಟ್ಟು ದಡದಲ್ಲೇ ಕೂತಿದ್ದಾಳೆ. ನೀನು ಹೋಗ್ತೀನಿ ಅಂದೆಯಂತೆ."

"ಹೋಗೋವಾಗ ಹೋಗ್ತೀನಿ ಅನ್ನದೆ ಇನ್ನೇನನ್ನಲಿ?"

"ಪೆದ್ದಿ. ಬರೀ ಹೋಗ್ತೀನಿ ಅಂದರೆ ತಿರುಗಿ ಬರೋಲ್ಲ ಅಂತ ಅರ್ಥ. ಹೋಗಿ ಬರ್ತೀನಿ ಅನ್ನಬೇಕು. ಇದೂ ಗೊತ್ತಿಲ್ವಾ?"

ಜಿನುಗಿ ತನ್ನ ಮೈ ನೋಡಿಕೊಂಡಳು. ಇರುವುದೇ ಇಷ್ಟು ನೀರು. ವಾಪಸು ಹೋದರೆ ಅದೂ ದಾರಿಯಲ್ಲೇ ಇಂಗಬಹುದು. ಆದರೂ ಇಂಥ ಮಾತು ಹೇಳಿ ಅಜ್ಜಿಯನ್ನು ಅಳಿಸಿ ತಾನು ಹೇಗೆ ಸಾಯುವುದು? ಇಲ್ಲ, ಆಗದು.

"ನಾನು ತಿರುಗ್ತೀನಿ," ಅಂದಳು.

"ಹೊಳೆ ತಿರುಗೋದುಂಟಾ?" ಹೆಬ್ಬಂಡೆಗೆ ನಗು ಬಂತು. ಜಿನುಗಿ ಮೆಲ್ಲಗೆ ಸೊಂಟ ಬಳುಕಿಸಿ, ದಿಬ್ಬದ ಹಿಂಬದಿಗೆ ಹೊರಳಿದಳು. ಅದನ್ನು ನೋಡಿ ಅವನು ಇನ್ನೂ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ.

ಜಿನುಗಿ ತೆವಳಿ ತೆವಳಿ ಅಜ್ಜಿಯ ಹಿತ್ತಲಿಗೆ ಬಂದಳು. "ಅಜ್ಜೀ, ತಪ್ಪಾಯ್ತು. ಹೋಗಿ ಬರ್ತೀನಿ."

ದುಗ್ಗಜ್ಜಿ ಅಳುತ್ತಲೇ ನಕ್ಕಳು. "ಬರಿಬಾಯಲ್ಲಿ ಹೊರಡ್ತಾರೇನೇ? ನಿಲ್ಲು." ಒಳಗೋಡಿ ಮೊಸರಿನ ಗಡಿಗೆಯನ್ನೇ ತಂದು ಅವಳ ಬಾಯಿಗೆ ಸುರಿದಳು. ಒಳ್ಳೆ ಕೆಲಸಕ್ಕೆ ಹೊರಟವರಿಗೆ ಒಂದು ಚಮಚ ಮೊಸರು ಸಾಕು. ಅಜ್ಜಿಯ ಕೈ ಎಂದೂ ಚಿಕ್ಕದಲ್ಲ, ಏನು ಮಾಡುವುದು. "ಹೋಗಿ ಬಾ ಮಗಳೇ. ಗೆದ್ದು ಬಾ."

ಮೊಸರುಂಡ ಜಿನುಗಿಗೆ ಮೈಯೆಲ್ಲ ಕಸುವು. ದಿಬ್ಬದ ಆಚೆ ಬದಿಯ ಇಳಿಜಾರಿನಲ್ಲಿ ಹಾರಿ ಹಾರಿ ಇಳಿದಳು. ಎದುರಿಗೆ ಹೆಬ್ಬಂಡೆ ಇನ್ನೂ ನಗುತ್ತಲೇ ಇದ್ದ. ಬಾಯಿಗೆಲ್ಲ ಮೊಸರು ಮೆತ್ತಿಕೊಂಡು ಬರುವ ಹೊಳೆಯನ್ನು ನೋಡಿದ್ದೇ ತಡ, ಹೊಟ್ಟೆ ಬಿರಿಯುವಂತೆ ನಕ್ಕ.

ನಿಜಕ್ಕೂ ಬಿರಿಯಿತು.

ಕೂದಲೆಳೆಯಷ್ಟು ಬಿರುಕು. ಜಿನುಗಿಗೆ ಅಷ್ಟೇ ಸಾಕಾಯಿತು. ಓಡಿ ಬಂದ ರಭಸಕ್ಕೆ ಅದರೊಳಗೆ ನುಗ್ಗಿದಳು. ಹೆಬ್ಬಂಡೆ ಫಡಾರನೆ ಎರಡು ಹೋಳಾದ. ಜಿನುಗಿ ಕೇಕೆ ಹಾಕುತ್ತ ಆಚೆ ಹಾರಿದಳು. ಆ ಕೇಕೆ ದಿಬ್ಬದ ಮೇಲಿನ ದುಗ್ಗಜ್ಜಿಗೂ ಕೇಳಿಸಿತು. ಅಂದು ಅಜ್ಜಿ ಹೊಟ್ಟೆ ತುಂಬ ಉಂಡಳು.

ಜಿನುಗಿ ಸಮುದ್ರ ಸೇರಿದಳು. ಆದರೆ ಮಾತು ಮರೆಯಲಿಲ್ಲ. ಬೇಸಿಗೆ ಮುಗಿಯುತ್ತಲೇ ಮೋಡ ಹತ್ತಿ, ಗಾಳಿಯ ಹೆಗಲೇರಿ ಬಂದು, ಅಜ್ಜಿಯ ಅಂಗಳದಲ್ಲಿ ಹನಿಯಾಗಿ ಇಳಿದಳು. "ಅಜ್ಜೀ, ಬಂದೆ."

ಆ ದಿಬ್ಬವೇ ಈಗಿನ ತಿರುಗೂರು. ಪುಟ್ಟ ಪೇಟೆ, ಮೇಲೊಂದು ಹಳೆಯ ಕೋಟೆ. ರಜೆಯಲ್ಲಿ ಅಲ್ಲಿಗೆ ಹೋದರೆ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ, ರಬ್ಬರಿನ ದೋಣಿಯಲ್ಲಿ ಊರಿನ ಸುತ್ತ ತೇಲಿಸುತ್ತಾರೆ. ಒಡೆದ ಬಂಡೆಯ ನಡುವೆ ದೋಣಿ ಹಾರುವಾಗ ಹೊಳೆಯ ಕೇಕೆ ಯಾವುದು, ನಿಮ್ಮ ಕೇಕೆ ಯಾವುದು, ಗೊತ್ತೇ ಆಗುವುದಿಲ್ಲ. ಹೊರಡುವಾಗ ಮಾತ್ರ ನಾಲಗೆಯ ಮೇಲೆ ನಿಗಾ ಇರಲಿ. "ಹೋಗ್ತೀವಿ" ಅಂದವರ ದೋಣಿಯ ಹಗ್ಗವನ್ನು ಅಲ್ಲಿಯವರು ಬಿಚ್ಚುವುದಿಲ್ಲ.

ಅದಕ್ಕೇ ಮಗು, ಇವತ್ತಿಗೂ ಬೆಟ್ಟದ ಹೊಳೆ ಊರು ಕಂಡಲ್ಲಿ ಬಳಸಿ ತಿರುಗುತ್ತದೆ, ಬಂಡೆ ಕಂಡಲ್ಲಿ ಮೊಸರಿನಂತೆ ಬೆಳ್ಳಗಾಗುತ್ತದೆ, ಮತ್ತು ಸಮುದ್ರಕ್ಕೆ ಹೋದ ನೀರು ವರ್ಷ ವರ್ಷವೂ ಮಳೆಯಾಗಿ ನಮ್ಮ ಅಂಗಳಕ್ಕೆ ಬಂದೇ ಬರುತ್ತದೆ.