ಕಾವಲುಗಾರ ತಾನೆಂದ ವೈರಸ್

ಕರುಳಿನಿಂದ ಹೊರಟ ಕ್ಯಾನ್ಸರ್ ಕಣವೊಂದು ರಕ್ತದಲ್ಲಿ ತೇಲಿ ಯಕೃತ್ತಿಗೆ ಬಂತು. ಅಲ್ಲೆಲ್ಲ ಹಳೆಯ ಗಾಯದ ಗಂಟುಗಳು. ಬೇರೂರಲು ಮೆತ್ತನೆಯ ಜಾಗ ಸಿಗದೆ ಸತ್ತಿತು.

ಬಹುಕಾಲದಿಂದ ಅಲ್ಲೇ ಬೀಡುಬಿಟ್ಟಿದ್ದ ಹೆಪಟೈಟಿಸ್ ವೈರಸ್ ಮೀಸೆ ತಿರುವಿತು. "ನೋಡಿದೆಯಾ ಅಕ್ಕ? ನಾನಿದ್ದುದಕ್ಕೆ ನೀನು ಉಳಿದೆ. ನನ್ನನ್ನು ಅಡಗಿಸಲೆಂದು ವೈದ್ಯರು ಕೊಟ್ಟ ಆ ಮಾತ್ರೆಯನ್ನು ಒಳಗೆ ಬಿಡಬೇಡ."

"ನಿನ್ನನ್ನು ಹಿಡಿಯಲು ಬಂದ ದೇಹದ ಕಾವಲಿನವರು, ಆ ಬಿಳಿ ರಕ್ತಕಣಗಳು, ಪ್ರತಿಸಲವೂ ನನ್ನನ್ನೇ ಹೊಡೆದರು. ಈ ಗಂಟುಗಳು ಆ ಏಟಿನವು," ಎಂದಿತು ಯಕೃತ್ತು. "ಹೀಗೇ ಬಿಟ್ಟರೆ ಕ್ಯಾನ್ಸರ್ ಹೊರಗಿನಿಂದ ಬರಬೇಕಾಗಿಲ್ಲ, ನನ್ನಲ್ಲೇ ಹುಟ್ಟುತ್ತದೆ."

"ಇಷ್ಟು ವರ್ಷದ ನೆಂಟಸ್ತಿಕೆ?"

"ನಿನ್ನನ್ನು ಕರೆದವರು ಯಾರು?"

ಯಕೃತ್ತು ಮಾತ್ರೆಯನ್ನು ಬರಮಾಡಿಕೊಂಡಿತು, ದಿನವೂ ತಪ್ಪದೆ. ವೈರಸ್ ಸಾಯಲಿಲ್ಲ, ಮತ್ತೆ ತಲೆಯೆತ್ತಲೂ ಇಲ್ಲ. ಕರುಳಿನ ಗಡ್ಡೆಯನ್ನು ವೈದ್ಯರು ಕತ್ತರಿಸಿ ತೆಗೆದರು. ಆ ದೇಹದ ಯಜಮಾನ ಬದುಕಿದ.