ಯಾರೂ ಕಲಿಸದ ಸನ್ನೆ

ಒಂದು ಇರುವೆಗೂಡಿನ ಬಾಗಿಲು ಯಾರಿಗೂ ಮುಚ್ಚಿರಲಿಲ್ಲ. ಒಳಗಿನ ಕೆಲಸವನ್ನು ಯಾವ ಹುಳವಾದರೂ ಹೋಗಿ ನೋಡಬಹುದಿತ್ತು. ಇರುವೆಯ ತಲೆ ತಟ್ಟಿದರೆ ದಾರಿ ಬಿಡುತ್ತದೆ, ಬೆನ್ನು ತಟ್ಟಿದರೆ ಒಂದು ತುತ್ತು ಕೊಡುತ್ತದೆ ಎಂದು ನೆರೆಯ ಹುಳಗಳಿಗೆಲ್ಲ ಇರುವೆಗಳೇ ಕಲಿಸಿದ್ದವು. ಸೊಂಟ ತಟ್ಟಿದರೆ ಏನಾಗುತ್ತದೆಂದು ಮಾತ್ರ ಹೇಳಿರಲಿಲ್ಲ.

ಅದನ್ನು ಒಂದು ಕುಂಟ ಜೀರುಂಡೆ ತಾನೇ ಕಂಡುಹಿಡಿಯಿತು. ಸೊಂಟ ತಟ್ಟಿದರೆ ಇರುವೆ ಅದನ್ನು ಹೊತ್ತುಕೊಂಡು ಉಗ್ರಾಣದ ಮುಂದೆ ಹಾದುಹೋಗುತ್ತಿತ್ತು. ಜೀರುಂಡೆ ಅಲ್ಲಿ ಜಾರಿ ಇಳಿದು ಹೊಟ್ಟೆ ತುಂಬ ತಿನ್ನುತ್ತಿತ್ತು. ಮಳೆಗಾಲಕ್ಕೆಂದು ತಾನು ಕೂಡಿಡುವುದನ್ನೇ ಬಿಟ್ಟಿತು.

“ಇರುವೆ ನಿನ್ನನ್ನೇಕೆ ಹೊರುತ್ತದೆ? ಒಳಗೆ ಹೋಗಿ ನೋಡಿದೆಯಾ?” ಎಂದು ಮಿಡತೆ ಕೇಳಿತು.

“ಸವಾರಿ ಸಿಕ್ಕವನು ಕಾರಣ ಕೇಳುವುದಿಲ್ಲ ಮಾರಾಯ. ನೀನು ಕುಪ್ಪಳಿಸಿಕೊಂಡೇ ಇರು.”

ಮಳೆ ಹಿಡಿದ ದಿನ ಜೀರುಂಡೆ ಎಂದಿನಂತೆ ಸೊಂಟ ತಟ್ಟಿತು. ಇರುವೆ ಅದನ್ನು ಹೊತ್ತು, ಉಗ್ರಾಣದ ಕಡೆ ತಿರುಗದೆ, ಬಯಲಿನ ಆಚೆ ತುದಿಗೆ ಒಯ್ದು ಸತ್ತ ಇರುವೆಗಳ ರಾಶಿಯ ಮೇಲೆ ಇಳಿಸಿತು.

“ಅಯ್ಯೋ, ಇದೇನಣ್ಣ! ಉಗ್ರಾಣ ಎಲ್ಲಿ?”

“ಸೊಂಟ ತಟ್ಟುವುದು ಹೆಣ ಹೊರಲು ಹೇಳುವ ಸನ್ನೆ. ಸ್ಮಶಾನ ಮೊದಲು ಉಗ್ರಾಣದ ಹಿಂದಿತ್ತು. ಈಗ ಇಲ್ಲಿಗೆ ಬಂದಿದೆ.”

“ನನಗೊಂದು ಮಾತು ಹೇಳಬಾರದಿತ್ತೇ?”

“ಆ ಸನ್ನೆಯನ್ನು ನಿನಗೆ ಕೊಟ್ಟವರು ಯಾರು?”

“ಆಗಲಿ. ಕುಂಟ ನಾನು, ಮಳೆ ಬೇರೆ. ಏನು ತಟ್ಟಿದರೆ ವಾಪಸ್ ಒಯ್ಯುತ್ತೀಯ, ಅದನ್ನಾದರೂ ಹೇಳು.”

“ಹೆಣವನ್ನು ವಾಪಸ್ ತರುವ ಸನ್ನೆ ನಮ್ಮಲ್ಲಿಲ್ಲ” ಎಂದು ಇರುವೆ ಹೊರಟುಹೋಯಿತು.