ಹಾಲು ಒಸರುವ ಕೊಂಬೆ

ಗಿರಿಮಲ್ಲನೆಂಬ ಶಿಷ್ಯ ಕೇಳಿದ: "ಗುರುಗಳೇ, ಅಣ್ಣ ಪಾಲಿನಲ್ಲಿ ಮೋಸ ಮಾಡಿದ. ಅಂದೇ ಮನೆಯ ನಂಟು ಕಡಿದುಕೊಂಡು ನಿಮ್ಮ ಮಠಕ್ಕೆ ಬಂದೆ. ಇನ್ನು ನನಗೆ ಹಿಂದಿಲ್ಲ, ಮುಂದಿಲ್ಲ. ನೀವು ನೋಡಿದರೆ ಅಂಗಳ ಗುಡಿಸು ಎನ್ನುತ್ತೀರಿ. ದೀಕ್ಷೆ ಯಾವಾಗ ಕೊಡುತ್ತೀರಿ?"

ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದ. ಅವನ ಹೆಂಡತಿಯ ತವರಿನ ಹಿತ್ತಿಲಲ್ಲಿ ಒಂದು ದೇವಕಣಗಿಲೆ ಇತ್ತು. ಎಲೆಯೆಲ್ಲ ಉದುರಿ ಬೋಳಾದ ಮೇಲೆ, ಹೊಸ ಚಿಗುರಿಗೂ ಮೊದಲೇ ಹೂ ಬಿಡುವ ಗಿಡ. ಅದರ ಪರಿಮಳ ಬಂದರೆ ಅವಳಿಗೆ ತಾಯಿಯೇ ಬಂದಂತೆ. ತಾಯಿ ತೀರಿಕೊಂಡಳು, ಅದೇ ವರ್ಷ ಗಾಳಿಗೆ ಗಿಡವೂ ಬುಡಮೇಲಾಯಿತು. ಕುಂಬಾರ ಅದರಿಂದ ಎರಡು ಕೊಂಬೆ ಕಡಿದು ತಂದ. ಅವು ಹೋದರೆ ಆ ಗಿಡ ಮತ್ತೆ ಸಿಗುವಂತಿರಲಿಲ್ಲ.

ಬಂದವನೇ, ಕಡಿದ ತುದಿಯಿಂದ ಹಾಲು ತೊಟ್ಟಿಕ್ಕುತ್ತಿರುವಾಗಲೇ, ಒಂದನ್ನು ನೆಟ್ಟ. ಗೊಬ್ಬರ ಹಾಕಿದ. ಎರಡು ಹೊತ್ತೂ ನೀರು ಹೊಯ್ದ. ಇನ್ನೊಂದನ್ನು ಒಡಕು ಮಡಕೆಗಳ ರಾಶಿಯ ಮೇಲಿಟ್ಟು ಮರೆತ. ಆತುರಗಾರನಿಗೆ ಬುದ್ಧಿ ಮಟ್ಟ. ನೆಟ್ಟ ಕೊಂಬೆ ಬುಡದಿಂದ ಕೊಳೆತು ನಾರಿತು. ಹೆಂಡತಿ ಅತ್ತಳು.

ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕುವ ದಿನ ಎರಡನೆಯ ಕೊಂಬೆ ಅವನ ಕೈಗೆ ಸಿಕ್ಕಿತು. ಸುಕ್ಕುಗಟ್ಟಿತ್ತು. ಸೌದೆಯ ಜೊತೆ ಅದನ್ನೂ ಒಳಗೆ ತುರುಕಲು ಹೋದ. ಹೆಂಡತಿ ಕೈ ಹಿಡಿದಳು.

"ಬಿಡೇ, ಒಣಗಿಹೋಗಿದೆ" ಎಂದ.

ಅವಳು ಕಡಿದ ತುದಿಯನ್ನು ಮುಟ್ಟಿ ನೋಡಿದಳು. ಕೈಗೆ ಅಂಟಲಿಲ್ಲ. "ಒಣಗಿರುವುದು ಕೊಂಬೆಯಲ್ಲ, ಗಾಯ. ನೀರು ಆರದ ಮಡಕೆಯನ್ನು ಎಂದಾದರೂ ಆವಿಗೆಗೆ ಇಟ್ಟಿದ್ದೀರಾ ನೀವು?"

ಕುಂಬಾರನಿಗೆ ನಾಚಿಕೆಯಾಯಿತು. ಕಸುಬಿನ ಬುದ್ಧಿ ಹಿತ್ತಿಲಿಗೆ ಬರುವಷ್ಟರಲ್ಲಿ ಒಂದು ಕೊಂಬೆ ಹೋಗಿತ್ತು.

ಅವಳೇ ಅದನ್ನು ನೆಟ್ಟಳು. ನೀರಿನ ತಂಬಿಗೆ ಹಿಡಿದು ಬಂದ ಗಂಡನನ್ನು ಗದರಿ ಕಳಿಸಿದಳು. ಕೊಂಬೆ ಬೇರು ಬಿಟ್ಟಿತು. ಮುಂದೊಂದು ಬೇಸಿಗೆಯ ಮೊದಲಲ್ಲಿ, ಎಲೆಯಿಲ್ಲದ ತುದಿಯಲ್ಲಿ ಹೂ ಅರಳಿತು. ಒಲೆಯ ಮೇಲೆ ಅನ್ನವಿಟ್ಟದ್ದನ್ನು ಮರೆತು ಅವಳು ಗಿಡದ ಬಳಿಯೇ ಕುಳಿತಳು. ಅನ್ನ ಸೀದಿತು. ಕುಂಬಾರ ಅದನ್ನೇ ಬಡಿಸಿಕೊಂಡು ಉಂಡ.

ಗಿರಿಮಲ್ಲ ಕೈಮುಗಿದ. "ಅರ್ಥವಾಯಿತು, ಗುರುಗಳೇ. ಗಾಯ ಒಣಗದೆ ಬೇರಿಲ್ಲ. ಎಂಥ ಮಾತು! ನಮ್ಮಣ್ಣನಂಥ ನೀಚ ಇದನ್ನು ಕೇಳಬೇಕಿತ್ತು."

ಗುರುಗಳು ಪೊರಕೆಯನ್ನು ಅವನ ಕಡೆ ಸರಿಸಿದರು: "ಹಾಲು ಇನ್ನೂ ತೊಟ್ಟಿಕ್ಕುತ್ತಿದೆ, ಮಗು."